ಶಬ್ದಪ್ರಮಾಣ ಮತ್ತು ಹಾರುವ ಯಂತ್ರ

ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು (1866–1940) ಯಾವ ಎಂಜಿನಿಯರಿಂಗ್ ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ಹೊಸೂರು ಸೀಮೆಯಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದು, ಕಾಯಿಲೆ ಬಿದ್ದು ಊರೂರು ಅಲೆದವರು. ಆ ಅಲೆದಾಟದಲ್ಲಿ ಕೋಲಾರದ ಕಡೆ ಸಂತರೊಬ್ಬರಿಂದ ದೀಕ್ಷೆ ದೊರೆಯಿತೆಂದೂ, ಮುಂದೆ ಪ್ರಾಚೀನ ಶಾಸ್ತ್ರಗಳು ತಾವಾಗಿ ಅಂತರಂಗದಲ್ಲಿ ಮೂಡತೊಡಗಿದವೆಂದೂ ಅವರ ಚರಿತ್ರೆ ಹೇಳುತ್ತದೆ. ಹಾಗೆ ಮೂಡಿದ್ದರಲ್ಲಿ ಭರದ್ವಾಜ ಮಹರ್ಷಿಯ ಹೆಸರಿನ 'ವೈಮಾನಿಕ ಶಾಸ್ತ್ರ'ವೂ ಒಂದು. 1918ರಿಂದ 1923ರವರೆಗೆ ಶಾಸ್ತ್ರಿಗಳು ಶ್ಲೋಕಗಳನ್ನು ಹೇಳುತ್ತ ಹೋದರು, ವೆಂಕಟಾಚಲ ಶರ್ಮರು ಬರೆದುಕೊಂಡರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರ ಟಿ.ಕೆ. ಎಲ್ಲಪ್ಪ ಅವರು ಶಾಸ್ತ್ರಿಗಳ ವಿವರಣೆ ಕೇಳಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ನಕ್ಷೆ ತೆಗೆದರು. ಮೈಸೂರಿನ ಜಿ.ಆರ್. ಜೋಸಿಯರ್ 1952ರಲ್ಲಿ ಗ್ರಂಥದ ವಿಷಯವನ್ನು ಲೋಕದ ಮುಂದಿಟ್ಟರು. ಅವರ ಇಂಗ್ಲಿಷ್ ಅನುವಾದ ಅಚ್ಚಾದದ್ದು 1973ರಲ್ಲಿ.

ಕಲಿಸಿದವರಿಲ್ಲದೆ ಬಂದ ಯಂತ್ರವಿದ್ಯೆಯನ್ನು ನಂಬುವುದು ಯಾವ ಆಧಾರದ ಮೇಲೆ? ಇದು ಭಾರತೀಯ ದರ್ಶನಗಳು ಪ್ರಮಾಣವೆಂಬ ಹೆಸರಿನಲ್ಲಿ ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆ. ನ್ಯಾಯದರ್ಶನ ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಆಪ್ತನ ಮಾತು. ಈ 'ಆಪ್ತ' ಯಾರೆಂಬುದಕ್ಕೆ ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಲಕ್ಷಣ ಗಮನಿಸತಕ್ಕದ್ದು. ವಿಷಯವನ್ನು ತಾನೇ ನೇರವಾಗಿ ಕಂಡುಕೊಂಡು, ಕಂಡದ್ದನ್ನು ಕಂಡ ಹಾಗೆ ತಿಳಿಸಲು ಬಯಸುವವನು ಆಪ್ತ. ಅವನು ಋಷಿಯಾಗಿರಬಹುದು, ಆರ್ಯನಾಗಿರಬಹುದು, ಮ್ಲೇಚ್ಛನೂ ಆಗಿರಬಹುದು. ಮಾತಿಗೆ ತೂಕ ಬರುವುದು ಆಡಿದವನ ಕುಲದಿಂದಲೋ ಗ್ರಂಥದ ಹಳಮೆಯಿಂದಲೋ ಅಲ್ಲವೆಂದು ಅಷ್ಟು ಹಿಂದೆಯೇ ತೀರ್ಮಾನವಾಗಿತ್ತು.

ಮೀಮಾಂಸಕರು ಇನ್ನೊಂದು ಗೆರೆ ಎಳೆದರು. ವೇದವಾಕ್ಯ ಪ್ರಮಾಣವಾಗುವುದು ಇಂದ್ರಿಯಗಳಿಗೆ ನಿಲುಕದ ಧರ್ಮದ ವಿಷಯದಲ್ಲಿ. ಕಣ್ಣಿಗೆ ಕಾಣುವ, ಕೈಗೆ ಸಿಗುವ ವಿಷಯದಲ್ಲಿ ಪ್ರತ್ಯಕ್ಷದ್ದೇ ಅಧಿಕಾರ. ಶಂಕರಾಚಾರ್ಯರು ಗೀತೆಯ 18ನೆಯ ಅಧ್ಯಾಯದ 66ನೆಯ ಶ್ಲೋಕದ ಭಾಷ್ಯದಲ್ಲಿ ಬೆಂಕಿಯ ದೃಷ್ಟಾಂತ ತೆಗೆದುಕೊಂಡು ಇದನ್ನೇ ಸ್ಪಷ್ಟಪಡಿಸಿದ್ದಾರೆ: ಬೆಂಕಿಗೆ ತಂಪಿನ ಗುಣ ಹೇಳುವ ಮಾತು ಎಷ್ಟು ಶ್ರುತಿಗಳಿಂದ ಬಂದರೂ ಅದು ಪ್ರಮಾಣವಾಗದು. ಶ್ರುತಿಯಲ್ಲಿ ಪರಮ ಶ್ರದ್ಧೆ ಇಟ್ಟಿದ್ದ ಆಚಾರ್ಯರೊಬ್ಬರ ನಿಲುವು ಇದು. ಶ್ರದ್ಧೆಗೂ ಪರೀಕ್ಷೆಗೂ ಹಗೆತನ ಹುಟ್ಟಿಸುವವರು ಈ ಭಾಷ್ಯವನ್ನೊಮ್ಮೆ ಬಿಡಿಸಿ ನೋಡಬೇಕು.

ಶಾಸ್ತ್ರವೂ ಪ್ರತ್ಯಕ್ಷವೂ ಕೂಡಿ ನಿಂತ ಕಡೆ ಹೇಗಿರುತ್ತದೆ ಎಂಬುದಕ್ಕೆ ಕರ್ನಾಟಕದ ಯಲಬುರ್ಗಾ ಸೀಮೆಯಲ್ಲಿ ಸಾಕ್ಷಿಯಿದೆ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಗರ್ಭಗುಡಿ, ಶಿಖರ, ಮಂಟಪಗಳ ಅಳತೆಗೆ ಶಿಲ್ಪಶಾಸ್ತ್ರದ ಪರಂಪರೆ ಇತ್ತು. ಆದರೆ ಬಳಪದ ಕಲ್ಲಿನ ಕಂಬ ಎಷ್ಟು ಭಾರ ಹೊತ್ತೀತು, ಎಲ್ಲಿ ಬಿರುಕು ಬಿಟ್ಟೀತು ಎಂಬುದನ್ನು ಉಳಿ ಹಿಡಿದ ಕೈ ಕಲ್ಲಿನಿಂದಲೇ ಕಲಿಯಬೇಕು. ಗಾಳಿಯ ಮಾತೂ ಹಾಗೆಯೇ. ಈ ಭಾಗದ ಜೋಳದ ಕಣದಲ್ಲಿ ರಾಶಿ ತೂರುವಾಗ ರೈತ ಎತ್ತರದಲ್ಲಿ ನಿಂತು ಬುಟ್ಟಿಯನ್ನು ಓರೆ ಮಾಡಿ ಕಾಯುತ್ತಾನೆ. ಗಾಳಿ ಬೀಸಿದಾಗ ಕಾಳು ನೇರ ಕೆಳಗೆ ಬೀಳುತ್ತದೆ, ಹೊಟ್ಟು ನಾಲ್ಕು ಮಾರು ದೂರ ಹೋಗುತ್ತದೆ. ಗಾಳಿ ನಿಂತರೆ ಬುಟ್ಟಿಯೂ ನಿಲ್ಲುತ್ತದೆ. ಹಾರುವ ಯಂತ್ರ ಇದೇ ಗಾಳಿಯ ಸೀಮೆಗೆ ಸೇರಿದ್ದು.

ಶಾಸ್ತ್ರಿಗಳ ಗ್ರಂಥವನ್ನು ಈ ಕಣಕ್ಕೆ ತಂದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು. 1974ರಲ್ಲಿ ಪ್ರಕಟವಾದ ಅವರ ಅಧ್ಯಯನ ಗ್ರಂಥವನ್ನು ಓದದೆ ತಳ್ಳಿಹಾಕಲಿಲ್ಲ. ಭಾಷೆ, ಛಂದಸ್ಸು, ನಕ್ಷೆ, ಲೋಹ, ಹಾರಾಟದ ನಿಯಮ ಎಲ್ಲವನ್ನೂ ನೋಡಿತು. ಸಂಸ್ಕೃತ ವೈದಿಕ ಕಾಲದ್ದಲ್ಲ, ಇತ್ತೀಚಿನದು. ರಚನೆಯಾದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ವರ್ಣಿಸಿದ ವಿಮಾನಗಳಲ್ಲಿ ಯಾವುದೂ ಹಾರಲಾರದು ಎಂಬುದು ಅದರ ನಿರ್ಣಯ. ರುಕ್ಮ ವಿಮಾನದ ಕಲ್ಪನೆಯಲ್ಲಿ ಮಾತ್ರ ಸ್ವಲ್ಪ ಅರ್ಥವಿದೆಯೆಂದು ಮುಕುಂದ ಒಪ್ಪಿದ್ದಾರೆ. ಅದರಲ್ಲಿ ನೆಟ್ಟಗಿನ ಕೊಳವೆಗಳಿವೆ. ಅವುಗಳ ತುದಿಯ ಫ್ಯಾನುಗಳು ಮೇಲಿನ ಗಾಳಿಯನ್ನು ಸೆಳೆದು ಕೆಳಕ್ಕೆ ನೂಕುತ್ತವೆ. ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲೇರುವುದು ಹೆಲಿಕಾಪ್ಟರಿನ ತತ್ತ್ವವೂ ಹೌದು.

ತತ್ತ್ವದಿಂದ ಯಂತ್ರಕ್ಕೆ ಎಷ್ಟು ದೂರ ಎಂಬುದನ್ನು ಅಮೆರಿಕದ ಆರ್ಥರ್ ಯಂಗ್‌ನ (1905–1995) ಬದುಕು ತೋರಿಸುತ್ತದೆ. ಪ್ರಿನ್ಸ್‌ಟನ್ನಿನಲ್ಲಿ ಗಣಿತ ಓದಿದ ಅವನ ನಿಜವಾದ ಹಂಬಲ ತತ್ತ್ವಶಾಸ್ತ್ರ. ವಿಶ್ವದ ಬಗ್ಗೆ ಸಿದ್ಧಾಂತ ಕಟ್ಟುವ ಮೊದಲು ಸುಳ್ಳು ಹೇಳಲು ಬಿಡದ ಒಂದು ಕೆಲಸದಲ್ಲಿ ತನ್ನನ್ನು ಒರೆಗೆ ಹಚ್ಚಿಕೊಳ್ಳಬೇಕೆಂದು 1928ರ ಸುಮಾರಿಗೆ ಹೆಲಿಕಾಪ್ಟರನ್ನು ಆರಿಸಿಕೊಂಡ. ವಿಮಾನವಿದ್ಯೆಯನ್ನು ಅವನಿಗೆ ಯಾರೂ ಕಲಿಸಲಿಲ್ಲ. ಪೆನ್ಸಿಲ್ವೇನಿಯಾದ ಹೊಲಮನೆಯಲ್ಲಿ ತಾನೇ ಮಾದರಿ ಮಾಡಿ, ಹಾರಿಸಿ, ಮುರಿದದ್ದನ್ನು ಹೆಕ್ಕಿ ನೋಡಿ, ಮತ್ತೆ ಮಾಡಿದ. ತಿರುಗುವ ರೆಕ್ಕೆಗಳಿಗೇ ಚಿಕ್ಕ ಪ್ರೊಪೆಲ್ಲರ್ ಕಟ್ಟುವ ಮೊದಲ ಯೋಜನೆಯನ್ನು ವರ್ಷಗಟ್ಟಲೆ ದುಡಿದ ಮೇಲೂ ಕೈಬಿಡಬೇಕಾಯಿತು. ಆಮೇಲೆ ಅವನು ಬೇಗ ಮುರಿದು ಬೇಗ ದುರಸ್ತಿಯಾಗುವ ಸಣ್ಣ ಮಾದರಿಗಳಿಗೆ ಇಳಿದ. ಸೋಲು ಸಾಲುಸಾಲಾಗಿ ಬರಲು ಬಿಟ್ಟದ್ದೇ ಅವನ ಶಾಲೆ.

ಏರುವುದಕ್ಕಿಂತ ಕಷ್ಟವಾದದ್ದು ಏರಿದ ಮೇಲೆ ವಾಲದೆ ನಿಲ್ಲುವುದು. ಅದಕ್ಕೆ ಯಂಗ್ ಕಂಡುಕೊಂಡ ಉಪಾಯ ಒಂದು ಸರಳು. ಎರಡು ರೆಕ್ಕೆಗಳ ರೋಟರಿಗೆ ಅಡ್ಡಲಾಗಿ, ಎರಡೂ ತುದಿಗೆ ತೂಕ ಕಟ್ಟಿದ ಸರಳು ಜೊತೆಯಲ್ಲೇ ತಿರುಗುತ್ತದೆ. ಬುಗುರಿ ತಿರುಗುವಾಗ ನೆಟ್ಟಗೆ ನಿಲ್ಲುವಂತೆ ಇದೂ ತನ್ನ ಸಮತಲವನ್ನು ಬಿಟ್ಟುಕೊಡುವುದಿಲ್ಲ. ಯಂತ್ರದ ಒಡಲು ವಾಲಿದರೆ, ಸರಳಿಗೂ ರೆಕ್ಕೆಗೂ ಇರುವ ಕೊಂಡಿ ರೆಕ್ಕೆಯ ಓರೆಯನ್ನು ಬದಲಿಸಿ ರೋಟರನ್ನು ಸರಳಿನ ಸಮತಲಕ್ಕೆ ಮರಳಿಸುತ್ತದೆ. 1941ರಲ್ಲಿ ವಿಮಾನ ತಯಾರಿಸುವ ಬೆಲ್ ಕಂಪನಿ ಅವನನ್ನು ಕರೆದುಕೊಂಡಿತು. 1942ರ ಡಿಸೆಂಬರಿನಲ್ಲಿ ಮೊದಲ ದೊಡ್ಡ ಯಂತ್ರ ನೆಲ ಬಿಟ್ಟಿತು. 1946ರ ಮಾರ್ಚ್ 8ರಂದು ಅದರ ಮುಂದಿನ ರೂಪವಾದ ಬೆಲ್ 47 ಅಮೆರಿಕದಲ್ಲಿ ನಾಗರಿಕ ಬಳಕೆಯ ಪ್ರಮಾಣಪತ್ರ ಪಡೆದ ಮೊದಲ ಹೆಲಿಕಾಪ್ಟರ್ ಆಯಿತು. ಅಂಥದೊಂದು ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಯಂತ್ರ ಗೆದ್ದ ಮೇಲೆ ಯಂಗ್ ಅದನ್ನು ಬಿಟ್ಟು ತನ್ನ ಮೂಲ ಹಂಬಲಕ್ಕೆ ಮರಳಿದ. 1972ರಲ್ಲಿ ಬರ್ಕ್ಲಿಯಲ್ಲಿ ಪ್ರಜ್ಞೆಯ ಅಧ್ಯಯನಕ್ಕೆ ಸಂಸ್ಥೆ ಕಟ್ಟಿದ, 1976ರಲ್ಲಿ 'ದಿ ರಿಫ್ಲೆಕ್ಸಿವ್ ಯೂನಿವರ್ಸ್' ಪ್ರಕಟಿಸಿದ. ಅಲ್ಲಿ ಬೆಳಕಿನಿಂದ ಮನುಷ್ಯನವರೆಗೆ ಏಳು ಹಂತಗಳಿವೆ. ಬೆಳಕು ತನ್ನ ಸ್ವಾತಂತ್ರ್ಯವನ್ನು ಒಂದೊಂದಾಗಿ ಕಳೆದುಕೊಳ್ಳುತ್ತ ಕಣ, ಪರಮಾಣು, ಅಣುಗಳವರೆಗೆ ಇಳಿಯುತ್ತದೆ. ಅಲ್ಲಿಂದ ತಿರುಗಿ ಸಸ್ಯ, ಪ್ರಾಣಿ, ಮನುಷ್ಯನಾಗಿ ಸ್ವಾತಂತ್ರ್ಯದತ್ತ ಏರುತ್ತದೆ. ಪ್ರವೃತ್ತಿ–ನಿವೃತ್ತಿಗಳ ಮಾತು ಕೇಳಿ ಬೆಳೆದ ಕನ್ನಡ ಓದುಗನಿಗೆ ಈ ಇಳಿತ–ಏರು ಪರಕೀಯವೆನಿಸದು.

ಇಲ್ಲಿ ವಾತ್ಸ್ಯಾಯನನ ಲಕ್ಷಣವನ್ನು ಯಂಗ್‌ಗೂ ಹಚ್ಚಿ ನೋಡಬೇಕಾಗುತ್ತದೆ. ರೋಟರಿನ ವಿಷಯದಲ್ಲಿ ಅವನು ಆಪ್ತ, ಏಕೆಂದರೆ ಅವನು ಹೇಳಿದ್ದನ್ನು ಯಾರು ಬೇಕಾದರೂ ಮಾಡಿ ಹಾರಿಸಬಹುದು. ಏಳು ಹಂತಗಳ ವಿಷಯದಲ್ಲಿ ಆ ಗೆಲುವಿನ ತೂಕ ತಾನಾಗಿ ಹರಿದುಬರುವುದಿಲ್ಲ. ಮುರಿದು ತೋರಿಸುವ ಮಾದರಿ ಅಲ್ಲಿ ಇಲ್ಲ, ಗಾಳಿಯೂ ಇಲ್ಲ. ಅದನ್ನು ತತ್ತ್ವವಾಗಿ ಯುಕ್ತಿಯಿಂದ, ಅನುಭವದಿಂದ ತೂಗಬೇಕು. ಸುಬ್ಬರಾಯ ಶಾಸ್ತ್ರಿಗಳ ವಿಷಯದಲ್ಲೂ ಇದೇ ನ್ಯಾಯ. ಅವರ ದೀಕ್ಷೆ, ಅವರಿಗಾದ ಅಂತರಂಗದ ಅನುಭವ ಸಾಧಕನೊಬ್ಬನ ಬದುಕಿಗೆ ಸೇರಿದ್ದು, ರುಕ್ಮ ವಿಮಾನ ಹಾರಲಾರದೆಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ವಿಮಾನದ ನಕ್ಷೆ ಮಾತ್ರ ಗಾಳಿಯ ವಿಚಾರಣೆಗೆ ಒಳಪಟ್ಟದ್ದು, ಆ ವಿಚಾರಣೆ 1974ರಲ್ಲಿ ನಡೆದು ಮುಗಿದಿದೆ.