ಚರ್ಮ ಹೊಲಿದ ಮಿಷನ್ನಿಗೆ ಬೆಲೆ ಎಷ್ಟು?

ಅಪ್ಪ ಸತ್ತ ಮೇಲೆ ಅವನ ಮಿಷನ್ ಎಂಟು ತಿಂಗಳು ಪಡಸಾಲೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ಮಾರೋಣವೆಂದು ನಾಲ್ಕು ಜನಕ್ಕೆ ತೋರಿಸಿದೆ. ಗುಜರಿಯವನು ಕಬ್ಬಿಣದ ತೂಕಕ್ಕೆ ಕಿಲೋಗೆ ಮೂವತ್ತು ರೂಪಾಯಿ ಅಂದ. ಪಟ್ಟಣದ ಹಳೇ ಮಿಷನ್ ವ್ಯಾಪಾರಿ 9,000 ಅಂದ. ಹೋಟೆಲಿನ ಅಲಂಕಾರಕ್ಕೆ ಹಳೇ ಸಾಮಾನು ಹುಡುಕುವ ಒಬ್ಬ 25,000 ಅಂದ. ನಾಲ್ಕನೆಯವನು ನಮ್ಮ ಕೇರಿಯ ಹುಡುಗ. ಅವನು ಬೆಲೆ ಹೇಳಲಿಲ್ಲ. "ನೀವೇ ಹೇಳಿ ಅಣ್ಣಾ, ಎಷ್ಟು ಕೊಡ್ಲಿ?" ಅಂತ ಕೇಳಿದ.

ಮೂವರು ಬೆಲೆ ಹೇಳಿದಾಗ ಬಾರದ ಕಷ್ಟ, ಒಬ್ಬ ಬೆಲೆ ಕೇಳಿದಾಗ ಬಂತು. ನನಗೆ ಬಾಯಿ ಕಟ್ಟಿತು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಲಾಭ-ನಷ್ಟದ ಲೆಕ್ಕ ಹೇಳಿಕೊಡುವ ಮೇಷ್ಟ್ರು ನಾನು. ಒಂದು ಮಿಷನ್ನಿನ ಬೆಲೆ ಹೇಳಲಾರದೆ ಯಾಕೆ ನಿಂತೆ? ಈ ಬರಹ ಆ ಯಾಕೆಯ ಬೆನ್ನು ಹತ್ತಿ ಹೊರಟದ್ದು.

ಮಿಷನ್ ಎಂಥದೆಂದು ಮೊದಲು ಹೇಳುತ್ತೇನೆ. ಅದು ಸಿಂಗರ್ ಕಂಪನಿಯ 29ಕೆ. ಬಟ್ಟೆಯ ಮಿಷನ್ನಲ್ಲ. ಅದರ ತೋಳು ಉದ್ದ, ತುದಿ ಸಣ್ಣದು. ಬೂಟಿನ ಒಳಗೆ ತೂರುತ್ತದೆ. ಚರ್ಮವನ್ನು ಒತ್ತಿ ಹಿಡಿಯುವ ಪಾದ ಸುತ್ತಲೂ ತಿರುಗುತ್ತದೆ. ಬೂಟು ತಿರುಗಿಸದೆ ಯಾವ ದಿಕ್ಕಿಗೆ ಬೇಕಾದರೂ ಹೊಲಿಯಬಹುದು. ಅಟ್ಟೆ ಹೊಲಿಯಲಾರದು, ಮೇಲಿನ ಚರ್ಮ, ಬ್ಯಾಗು, ಬೆಲ್ಟು, ಜಿಪ್ಪು ಹೊಲಿಯುತ್ತದೆ. ಹೆಸರಿನಲ್ಲಿರುವ 'ಕೆ' ಅಂದರೆ ಕಿಲ್ಬೋವಿ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಾರ್ಖಾನೆ ಅದು. 1911ರಲ್ಲಿ ಅಲ್ಲಿ ಪಾಲಿಶ್ ಹಾಕುವ ಹೆಣ್ಣಾಳುಗಳ ಮೇಲೆ ಹೆಚ್ಚಿನ ಕೆಲಸ ಹೇರಿದ್ದಕ್ಕೆ ಸುಮಾರು 11 ಸಾವಿರ ಕಾರ್ಮಿಕರು ಮುಷ್ಕರ ಹೂಡಿದ್ದರು. 1980ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ಮಿಷನ್ನುಗಳು ಇವತ್ತಿಗೂ ನಮ್ಮ ಬಸ್‌ಸ್ಟ್ಯಾಂಡುಗಳ ಪಕ್ಕ ಕೊಡೆಯ ಕೆಳಗೆ ಕೂತು ಹೊಲಿಯುತ್ತಿವೆ.

ಇಂಥ ಮಿಷನ್ ಕೊಳ್ಳುವವನು ಬಣ್ಣ ನೋಡುವುದಿಲ್ಲ. ಎರಡು ಪದರ ಚರ್ಮ ಕೊಟ್ಟು, ಪಾದವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಹೊಲಿದು ನೋಡುತ್ತಾನೆ. ಸೂಜಿಯ ಕಂಬಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸುತ್ತಾನೆ. ತೋಳಿನ ಒಳಗಿನ ಹಲ್ಲು ಸವೆದಿದ್ದರೆ ಶಟಲ್ ಸೂಜಿಗಿಂತ ಒಂದು ಕೂದಲೆಳೆ ಹಿಂದೆ ಬೀಳುತ್ತದೆ, ಹೊಲಿಗೆ ಬಿಡುತ್ತದೆ. ನಮ್ಮ ಮಿಷನ್ನಿಗೆ ಆ ರೋಗ ಇದೆ. ಪಾದ ಎಡಕ್ಕೆ ತಿರುಗಿದಾಗ ಏಳೆಂಟು ಹೊಲಿಗೆಗೆ ಒಂದು ಬಿಡುತ್ತದೆ. ಅಪ್ಪನಿಗೆ ಅದು ಗೊತ್ತಿತ್ತು. ಎಡಕ್ಕೆ ಹೊಲಿಯುವಾಗ ಗಾಲಿಯನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಿದ್ದ.

ವ್ಯಾಪಾರಿ ಇದನ್ನೆಲ್ಲ ಪರೀಕ್ಷೆ ಮಾಡಿ ಟೀ ಕುಡಿಯುತ್ತಾ ನನ್ನ ಹಿತಕ್ಕೇ ಒಂದು ಬುದ್ಧಿ ಹೇಳಿದ: "ಸಾರ್, ಬೇಜಾರ್ ಮಾಡ್ಕೋಬೇಡಿ. ಬೇರೆ ಯಾರಿಗಾದ್ರೂ ಮಾರೋದಾದ್ರೆ ಚಪ್ಪಲಿ ಹೊಲಿತಿದ್ದ ಮಿಷನ್ ಅನ್ಬೇಡಿ. ಸೀಟ್ ಕವರ್ ಹೊಲಿತಿತ್ತು ಅನ್ನಿ, ಎರಡು ಸಾವಿರ ಮೇಲೆ ಬರುತ್ತೆ. ಹಲ್ಲು ಸವೆದಿರೋದನ್ನೂ ಹೇಳ್ಬೇಡಿ. ಗ್ರೀಸ್ ತುಂಬಿ ಕೊಟ್ರೆ ಹದಿನೈದು ದಿನ ಓಡುತ್ತೆ."

ಅವನು ಕೆಟ್ಟವನಲ್ಲ. ಆದರೆ ಒಂದೇ ಉಸಿರಿನಲ್ಲಿ ಅವನು ಏನು ಮಾಡಿದ ನೋಡಿ. ಸವೆದ ಹಲ್ಲನ್ನೂ ನಮ್ಮ ಜಾತಿಯನ್ನೂ ಒಂದೇ ಡಬ್ಬಿಗೆ ಹಾಕಿದ. ಎರಡೂ ಮುಚ್ಚಿಡಬೇಕಾದ ದೋಷಗಳು!

ಇಲ್ಲಿಂದ ನನ್ನ ಪ್ರಶ್ನೆ ಶುರುವಾಗುತ್ತದೆ. ಹಲ್ಲು ಸವೆದದ್ದನ್ನು ಮುಚ್ಚಿಟ್ಟರೆ ಕೊಂಡವನಿಗೆ ಮೋಸ. ಅವನು ಹೊಲಿಗೆಗೆ ದುಡ್ಡು ಕೊಟ್ಟಿರುತ್ತಾನೆ, ಹೊಲಿಗೆ ಬಿಡುತ್ತದೆ. ಅವನು ಕೇಳದಿದ್ದರೂ ನಾನು ಹೇಳಲೇಬೇಕು. ಯಾಕೆಂದರೆ ಅದು ನನಗೆ ಗೊತ್ತಿದೆ, ಅವನಿಗೆ ಗೊತ್ತಿಲ್ಲ. ಇದರಲ್ಲಿ ಗೊಂದಲವಿಲ್ಲ. ಆದರೆ ಚಪ್ಪಲಿ ಹೊಲಿದದ್ದನ್ನು ಮುಚ್ಚಿಟ್ಟರೆ ಯಾರಿಗೆ ಮೋಸ? ಮಾದಿಗನ ಕಾಲು ತುಳಿದ ಪೆಡಲ್ ಒಂದು ಹೊಲಿಗೆ ಕಡಿಮೆ ಹೊಲಿಯುವುದಿಲ್ಲ. ಕೊಳ್ಳುವವನು ಕಳೆದುಕೊಳ್ಳುವುದು ಏನೂ ಇಲ್ಲ. ಹಾಗಾದರೆ ಮುಚ್ಚಿಟ್ಟು ಎರಡು ಸಾವಿರ ತೆಗೆದುಕೊಂಡರೆ ತಪ್ಪೇನು? ಅವನ ರೋಗಕ್ಕೆ ನಾನೇಕೆ ಔಷಧಿಯ ಖರ್ಚು ಕೊಡಬೇಕು?

ವಾದ ಗಟ್ಟಿಯಾಗಿಯೇ ಇದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಸಿಗಲೆಂದು ಜಾತಿ ಮರೆಸಿದ ಗೆಳೆಯರು ನನಗಿದ್ದಾರೆ. ಅವರನ್ನು ಸುಳ್ಳುಗಾರರೆಂದು ಕರೆಯುವ ನಾಲಿಗೆ ನನಗಿಲ್ಲ. ತಲೆಯ ಮೇಲೆ ಸೂರಿಲ್ಲದವನು ಹೇಳುವ ಸುಳ್ಳಿಗೆ ಸೂರು ಕೊಡದವನೇ ಹೊಣೆ. ಆದರೆ ನನ್ನ ತಲೆಯ ಮೇಲೆ ಸೂರಿದೆ, ತಿಂಗಳಿಗೆ ಸಂಬಳ ಬರುತ್ತದೆ. ನಾನು ಮುಚ್ಚಿಟ್ಟರೆ ಅದು ರಕ್ಷಣೆಯಲ್ಲ, ವ್ಯಾಪಾರ. ಅಪ್ಪನ ನಲವತ್ತು ವರ್ಷದ ಬೆವರಿನ ಗುರುತನ್ನು ಎರಡು ಸಾವಿರಕ್ಕೆ ಅಳಿಸಿ ಮಾರಿದಂತೆ. ಅದಕ್ಕಿಂತ ಮುಖ್ಯ, ಮುಚ್ಚಿಟ್ಟ ಕ್ಷಣದಲ್ಲೇ ಅದು ದೋಷವೆಂದು ನಾನೇ ರುಜು ಹಾಕಿದಂತೆ. ಆದ್ದರಿಂದ ಎರಡನ್ನೂ ಹೇಳಬೇಕು. ಒಂದನ್ನು ದೋಷವೆಂದು ಹೇಳಿ ಬೆಲೆ ಇಳಿಸಬೇಕು. ಇನ್ನೊಂದನ್ನು ಚರಿತ್ರೆಯೆಂದು ಹೇಳಬೇಕು, ಒಂದು ಪೈಸೆಯೂ ಇಳಿಸಬಾರದು.

ಇಳಿಸಬಾರದು ಸರಿ. ಯಾವುದರಿಂದ ಇಳಿಸಬಾರದು? ಮೂಲ ಬೆಲೆ ಎಷ್ಟು?

ಬೆಲೆ ಹೇಳುವುದು ನಮ್ಮ ಜನಕ್ಕೆ ಹೊಸ ವಿದ್ಯೆ. ಅಜ್ಜನ ಕಾಲದಲ್ಲಿ ಬೆಲೆಯೆಂಬುದೇ ಇರಲಿಲ್ಲ. ಸತ್ತ ದನ ಹೊತ್ತು, ಸುಲಿದು, ಸುಣ್ಣದ ಗುಂಡಿಗೆ ಹಾಕಿ, ತಂಗಡಿ ಚಕ್ಕೆಯಲ್ಲಿ ಹದ ಮಾಡಿ, ಕಪಿಲೆ ಬಾನಿ, ಮಿಣಿ, ಬಾರುಕೋಲು, ಮೆಟ್ಟು ಮಾಡಿಕೊಟ್ಟರೆ ವರ್ಷಕ್ಕೊಮ್ಮೆ ಕಣದಲ್ಲಿ ಆಯ. ಎಷ್ಟು ಮೊರ ರಾಗಿ ಎಂಬುದು ಕೊಡುವವನ ಕೈಯಲ್ಲಿತ್ತು. ನಮ್ಮ ದುಡಿಮೆಗೆ ಬೆಲೆ ಇರಲಿಲ್ಲ, ಅವರ ದಯೆಗೆ ಅಳತೆ ಇತ್ತು. ಇದನ್ನೇ ಗ್ರಾಮ ಸ್ವರಾಜ್ಯದ ಸೌಹಾರ್ದ ಅಂತ ಬರೆದ ಪುಸ್ತಕಗಳನ್ನು ನಾವೇ ಪರೀಕ್ಷೆಗೆ ಓದಿ ಪಾಸಾಗಿದ್ದೇವೆ!

ಅಪ್ಪ 1984ರಲ್ಲಿ, ಸಾಲ ಮೇಳಗಳ ಕಾಲದಲ್ಲಿ, ಸಾಲ ಮಾಡಿ ಈ ಮಿಷನ್ನನ್ನು ಸೆಕೆಂಡ್‌ಹ್ಯಾಂಡಿಗೆ ತಂದು ಹೋಬಳಿಯ ಬಸ್‌ಸ್ಟ್ಯಾಂಡಿನಲ್ಲಿ ಹಾಕಿದ. ಮೊದಲ ವಾರದಲ್ಲೇ ಊರ ಗೌಡರು ಬ್ಯಾಗಿನ ಹಿಡಿ ಹೊಲಿಸಿಕೊಂಡು ಹೊರಟರು. ಅಪ್ಪ "ಎರಡು ರೂಪಾಯಿ ಬುದ್ಧಿ" ಅಂದ. "ಏನ್ಲಾ, ನಂಗೂ ರೇಟ್ ಹೇಳ್ತೀಯೇನ್ಲಾ?" "ನಾನ್ ಎಲ್ಲಿ ಹೇಳ್ದೆ ಬುದ್ಧಿ, ಮಿಷನ್ ಹೇಳ್ತೈತೆ. ಅದರ ಕಂತು ಕಟ್ಬೇಕಲ್ವಾ." ಗೌಡರು ಎರಡು ರೂಪಾಯಿ ಕೊಟ್ಟರು. ಕೈಗಲ್ಲ, ಮಿಷನ್ನಿನ ಹಲಗೆಯ ಮೇಲೆ ಎಸೆದರು. ಆದರೂ ಕೊಟ್ಟರು. ಅಪ್ಪ ಈ ಕತೆಯನ್ನು ಸಾಯುವವರೆಗೆ ನಗುತ್ತಾ ಹೇಳುತ್ತಿದ್ದ. ನನಗೆ ಈಗ ಅರ್ಥವಾಗುತ್ತದೆ. ಅವನು ಕೊಂಡದ್ದು ಹೊಲಿಯುವ ಯಂತ್ರವನ್ನಲ್ಲ, ಬೆಲೆ ಹೇಳುವ ನಾಲಿಗೆಯನ್ನು.

ಆಯ ಹೋಯಿತು, ಬಜಾರು ಬಂತು. ಬಜಾರಿನ ಲೆಕ್ಕ ಬೇರೆ. ಇನ್‌ಕಂ ಟ್ಯಾಕ್ಸಿನ ಲೆಕ್ಕದಲ್ಲಿ ಯಂತ್ರಕ್ಕೆ ವರ್ಷಕ್ಕೆ ನೂರಕ್ಕೆ 15ರಂತೆ ಸವಕಳಿ ಕಳೆಯುತ್ತಾರೆ. 100 ರೂಪಾಯಿಯ ಯಂತ್ರ ಮೊದಲ ವರ್ಷಕ್ಕೆ 85, ಎರಡನೆಯ ವರ್ಷಕ್ಕೆ 72.25, ಹತ್ತು ವರ್ಷಕ್ಕೆ 20ಕ್ಕೂ ಕಡಿಮೆ. ಯಂತ್ರ ತಾನು ಸವೆದಷ್ಟು ಬೆಲೆಯನ್ನು ತಾನು ಮಾಡಿದ ವಸ್ತುವಿಗೆ ಹನಿಹನಿಯಾಗಿ ದಾಟಿಸುತ್ತದೆ, ಅದರಲ್ಲಿರುವುದು ಸತ್ತ ದುಡಿಮೆ ಎಂದು ಮಾರ್ಕ್ಸ್ 1867ರಲ್ಲೇ ವಿವರಿಸಿದ. ಒಪ್ಪಿದೆ. ಆದರೆ ಪೆಡಲ್ ತುಳಿದ ಮಂಡಿಯ ಸವಕಳಿಯನ್ನು ಯಾವ ಪುಸ್ತಕದಲ್ಲಿ ಬರೆದಿದ್ದಾರೆ? ಮಿಷನ್ನಿನ ಹಲ್ಲು ಸವೆದದ್ದಕ್ಕೆ ಬೆಲೆಯಲ್ಲಿ ಕಳೆಯುವುದಿದೆ. ಅಪ್ಪನ ಮಂಡಿ ಸವೆದದ್ದಕ್ಕೆ ಕೂಡುವುದು ಎಲ್ಲಿದೆ? ಎಲ್ಲೂ ಇಲ್ಲ. ಅದನ್ನು ಈ ಮಿಷನ್ನಿನ ಬೆಲೆಗೆ ಸೇರಿಸಿ ಹುಡುಗನಿಂದ ವಸೂಲು ಮಾಡುವುದೂ ನ್ಯಾಯವಲ್ಲ. ಆ ಸಾಲ ಇರುವುದು ಹುಡುಗನ ಮೇಲಲ್ಲ, ಎರಡು ರೂಪಾಯಿ ಎಸೆದವರ ಮೇಲೆ.

ಹೋಟೆಲಿನವನ 25,000ದ ಮಾತಿಗೆ ಬರೋಣ. ಅವನು ಶಟಲ್ ತೆಗೆದು ಒಳಗೆ ದೀಪ ಇಡುತ್ತಾನಂತೆ. ಓಡುವ ಮಿಷನ್ನಿಗೆ ಒಂಬತ್ತು ಸಾವಿರ, ನಿಂತ ಮಿಷನ್ನಿಗೆ ಇಪ್ಪತ್ತೈದು! ನಮ್ಮ ಕೈಯಿಂದ ದೂರ ಹೋದಷ್ಟೂ ನಮ್ಮ ವಸ್ತುವಿಗೆ ಬೆಲೆ ಏರುತ್ತದೆ. ಅಥಣಿ, ನಿಪ್ಪಾಣಿ ಕಡೆಯ ನಮ್ಮವರು ತಲೆತಲಾಂತರದಿಂದ ಹೊಲಿಯುತ್ತಾ ಬಂದ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಕಂಪನಿ ಅದೇ ಮಾದರಿಯನ್ನು ವೇದಿಕೆಯ ಮೇಲೆ ನಡೆಸಿತು; ಮೂಲ ಯಾರದೆಂದು ಹೇಳಿದ್ದು ಗಲಾಟೆಯಾದ ಮೇಲೆ. ಮುಟ್ಟಿದರೆ ಮೈಲಿಗೆಯಾಗುವ ಚರ್ಮ ಮಿಲಾನಿಗೆ ಹೋಗಿಬಂದರೆ ಮಡಿ!

ಹಾಗಾದರೆ ಹುಡುಗನಿಗೇ ಕೊಡಬೇಕು. ಅಲ್ಲಿ ಇನ್ನೊಂದು ಮುಳ್ಳು. ಅಂಬೇಡ್ಕರರು 1927ರಲ್ಲಿ ಮಹಾಡ್‌ನಲ್ಲಿ ಸತ್ತ ದನ ಹೊರುವುದನ್ನು ಬಿಡಿ ಎಂದರು. ಜಾತಿಯೆಂಬುದು ಕೆಲಸದ ವಿಭಜನೆಯಲ್ಲ, ಕೆಲಸಗಾರರನ್ನೇ ಒಡೆದು ಮೇಲೆ-ಕೆಳಗೆ ಇಟ್ಟ ವಿಭಜನೆ ಎಂದು 1936ರಲ್ಲಿ ಬರೆದರು. 2016ರಲ್ಲಿ ಗುಜರಾತಿನ ಉನಾದಲ್ಲಿ ದನದ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರನ್ನು ಹಗಲಲ್ಲೇ ಬಡಿದರು. ನಮ್ಮಲ್ಲಿ 2021ರಲ್ಲಿ ಗೋಹತ್ಯೆ ತಡೆಯ ಹೊಸ ಕಾನೂನು ಜಾರಿಗೆ ಬಂತು; ಚರ್ಮದ ಕೆಲಸದವರ ಹೊಟ್ಟೆಯ ಮಾತು ಕೇಳಿದವರು ಯಾರು? ಇಂಥಾದ್ದರಲ್ಲಿ ಇಪ್ಪತ್ತೆರಡರ ಹುಡುಗನ ಕೈಗೆ ಚರ್ಮದ ಮಿಷನ್ ಕೊಟ್ಟು ಅವನನ್ನು ಅಲ್ಲೇ ಕಟ್ಟಿಹಾಕುತ್ತಿದ್ದೇನೆಯೇ?

ಅವನಿಗೇ ಕೇಳಿದೆ. ಅವನು ಹೇಳಿದ: "ಅಣ್ಣಾ, ದನ ಹೊರು ಅಂತ ಊರೋರು ಹೇಳಿದ್ರೆ ನಾನು ಹೊರಲ್ಲ. ಬ್ಯಾಗ್ ಹೊಲಿ ಅಂತ ಯಾರೂ ಹೇಳಿಲ್ಲ, ನಾನೇ ಕಲ್ತೆ. ಬೇಡ ಅನ್ನಿಸಿದ ದಿನ ನಾನೂ ಮಾರ್ತೀನಿ, ನೀವು ಮಾರಲ್ವಾ?" ಬಿಡಲು ಆಗದ್ದು ಜಾತಿಯ ಕಸುಬು. ಬಿಡಲು ಆಗುವಂಥದ್ದು ಬರೀ ಕಸುಬು. ಇಷ್ಟು ಸರಳವಾಗಿ ನನಗೆ ಹೊಳೆದಿರಲಿಲ್ಲ.

"ಹಾಗಾದ್ರೆ ಸುಮ್ನೆ ತಗೊಂಡೋಗು, ದುಡ್ಡು ಬೇಡ" ಅಂದೆ. ಹುಡುಗನ ಮುಖ ಗಂಟಾಯಿತು. "ಪುಕ್ಕಟೆ ಬೇಡ ಅಣ್ಣಾ. ಇವತ್ತು ಪುಕ್ಕಟೆ ಈಸ್ಕೊಂಡ್ರೆ ನಾಳೆ ಪುಕ್ಕಟೆ ಹೊಲಿಬೇಕಾಯ್ತದೆ."

ನನಗೆ ಹರಳಯ್ಯನ ನೆನಪಾಯಿತು. ಬಸವಣ್ಣ 'ಶರಣು ಶರಣಾರ್ಥಿ' ಎಂದದ್ದಕ್ಕೆ ತನ್ನ ತೊಡೆಯ ಚರ್ಮವನ್ನೇ ಸುಲಿದು ಪಾದರಕ್ಷೆ ಹೊಲಿದನೆಂದು ಜನ ಹೇಳುತ್ತಾರೆ. ಕಣ್ಣೀರು ತರಿಸುವ ಕತೆ. ಆದರೂ ಕೇಳಬೇಕು: ಒಂದು ಮರ್ಯಾದೆಯ ಮಾತಿಗೆ ನಮ್ಮವನು ಮೈಚರ್ಮವನ್ನೇ ಕೊಡಬೇಕಾಗುವಷ್ಟು ಆ ಮಾತು ದುಬಾರಿಯಾಗಿತ್ತೇ? ಮರ್ಯಾದೆ ಹಕ್ಕಾಗಿದ್ದರೆ ಅದಕ್ಕೆ ಕಾಣಿಕೆ ಬೇಕಿರಲಿಲ್ಲ. ಈ ಹುಡುಗನಿಗೆ ಕಾಣಿಕೆಯ ಲೋಕ ಬೇಡ. ಲೆಕ್ಕದ ಲೋಕ ಬೇಕು.

ಸರಿ, ಲೆಕ್ಕ ಹಾಕಿದೆ. ಸರಿಯಾಗಿ ಓಡುವ ಇಂಥ ಮಿಷನ್ನಿಗೆ ಪಟ್ಟಣದ ಅಂಗಡಿಯಲ್ಲಿ 18,000 ಹೇಳುತ್ತಾರೆ. ಹಲ್ಲು, ಶಟಲ್, ಮೆಕ್ಯಾನಿಕ್ಕಿನ ಕೂಲಿ ಸೇರಿ 3,500. ಕಳೆದರೆ 14,500. ಜಾತಿಯ ಬಾಬ್ತು: ಸೊನ್ನೆ.

ಇಷ್ಟೆಲ್ಲ ತೀರ್ಮಾನ ಮಾಡಿ, ಅವ್ವನಿಗೆ ಸುದ್ದಿ ಹೇಳೋಣವೆಂದು ಹಿತ್ತಿಲಿಗೆ ಹೋದೆ. ಅವಳು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಎಲ್ಲಾರ್ನೂ ಕೇಳ್ದೆ. ನನ್ನ ಯಾವಾಗ ಕೇಳ್ತೀಯೋ ಅಂತ ನೋಡ್ತಿದ್ದೆ. ಬಾಬಿನ್ನಿಗೆ ದಾರ ಸುತ್ತಿದ್ದು ಯಾರು? ಕಂತಿಗೆ ಕಮ್ಮಿ ಬಿದ್ದಾಗ ಕಿವಿಯೋಲೆ ಅಡ ಇಟ್ಟಿದ್ದು ಯಾರ್ದು?"

ನಾನು ತಲೆ ತಗ್ಗಿಸಿದೆ. ಮಾರ್ಕ್ಸನನ್ನು ಕೇಳಿದ್ದೆ, ಅಂಬೇಡ್ಕರರನ್ನು ಕೇಳಿದ್ದೆ, ವ್ಯಾಪಾರಿಯನ್ನೂ ಕೇಳಿದ್ದೆ. ಮಿಷನ್ನಿನ ಒಡತಿಯನ್ನೇ ಕೇಳಿರಲಿಲ್ಲ. ಇಪ್ಪತ್ತೈದು ಸಾವಿರ ಬಿಡುವ ಆದರ್ಶ ನನ್ನದು, ಬಿಟ್ಟದ್ದು ಅವಳ ಹಣ! ಬೆಲೆ ಹೇಳುವ ಹಕ್ಕಿನ ಬಗ್ಗೆ ಇಷ್ಟು ಹೊತ್ತು ಭಾಷಣ ಮಾಡಿದವನು ಮನೆಯೊಳಗೆ ಗೌಡನಾಗಿದ್ದೆ.

"ನೀನೇ ಹೇಳವ್ವಾ" ಅಂದೆ. ಹೋಟೆಲಿನವನ ಹಣ ಎಷ್ಟೆಂದು ಇನ್ನೊಮ್ಮೆ ಕೇಳಿದಳು. ಬೆರಳು ಮಡಚಿ ಎಣಿಸಿದಳು. ಆಮೇಲೆ ಅಂದಳು: "ಓಡೋರಿಗೆ ಕೊಡು. ಬೆಲೆ ನೀನು ಹೇಳಿದ್ದೇ ಇರ್ಲಿ. ದುಡ್ಡು ಮಾತ್ರ ನನ್ ಕೈಗೆ."

ಹುಡುಗ 10,000 ತಂದ. ಉಳಿದ 4,500ಕ್ಕೆ ತಿಂಗಳಿಗೆ 500ರಂತೆ ಒಂಬತ್ತು ಕಂತು, ಬಡ್ಡಿಯಿಲ್ಲ. ಒಂದು ಹಾಳೆಯ ಮೇಲೆ ಬರೆದೆ: ಸಿಂಗರ್ 29ಕೆ. ಚಪ್ಪಲಿ, ಬೂಟು, ಬ್ಯಾಗು ಹೊಲಿದದ್ದು. ತೋಳಿನ ಹಲ್ಲು ಸವೆದಿದೆ, ಎಡಕ್ಕೆ ಹೊಲಿಗೆ ಬಿಡುತ್ತದೆ. ಬೆಲೆ 14,500. ಮಾರಿದವರು ಎಂಬಲ್ಲಿ ಅವ್ವ ರುಜು ಹಾಕಿದಳು. ರಾತ್ರಿ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಬರೆಯಲು ಐದು ನಿಮಿಷ ತೆಗೆದುಕೊಂಡಳು. ಹುಡುಗ ಅಲ್ಲಿಯವರೆಗೆ ಮಿಷನ್ ಮುಟ್ಟದೆ ನಿಂತಿದ್ದ.