ಬಾಗಿಲು ಮುಚ್ಚಿದ ನ್ಯಾಯಾಲಯ

ಸದ್ಭಕ್ತರೇ, ಆಳುವವರೇ ಕಾನೂನನ್ನು ಕೈವಶ ಮಾಡಿಕೊಂಡರೆ ಪ್ರಜೆಯಾದವನು ಯಾರ ಮೊರೆ ಹೋಗಬೇಕು? ನ್ಯಾಯಾಲಯವಿದೆಯಲ್ಲ ಎಂದು ತಾವು ಥಟ್ಟನೆ ಹೇಳಬಹುದು. ಆ ಉತ್ತರವೆಷ್ಟು ಗಟ್ಟಿಯೆಂಬುದನ್ನು ನಮ್ಮ ದೇಶವೇ ಒಮ್ಮೆ ಒರೆಗೆ ಹಚ್ಚಿ ನೋಡಿದೆ.

ಕಾಸರಗೋಡು ಸಮೀಪದ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಕೇರಳದ ಭೂಸುಧಾರಣಾ ಕಾಯಿದೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಮಠದ ಭೂಮಿಗಾಗಿ ಹೂಡಿದ ವ್ಯಾಜ್ಯವು ರಾಷ್ಟ್ರದ ವ್ಯಾಜ್ಯವಾಗಿ ಬೆಳೆಯಿತು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳಲ್ಲಿ 7 ಮಂದಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದೇ ಹೊರತು ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂದರು. ಆ ಏಳ್ವರಲ್ಲಿ ಕನ್ನಡ ನಾಡಿನ ಕೆ. ಎಸ್. ಹೆಗ್ಡೆಯವರೂ ಒಬ್ಬರು. ಅವರನ್ನೂ ಇನ್ನಿಬ್ಬರನ್ನೂ ಕಡೆಗಣಿಸಿ ಕಿರಿಯರೊಬ್ಬರಿಗೆ ಮುಖ್ಯ ನ್ಯಾಯಮೂರ್ತಿ ಪದವಿಯನ್ನು ಕೊಟ್ಟಾಗ ಮೂವರೂ ರಾಜೀನಾಮೆಯಿತ್ತರು. ಸ್ವಾಮಿಗಳು ಬೇಡಿದ್ದು ಅವರಿಗೆ ದೊರೆಯಲಿಲ್ಲ. ಆದರೆ ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯದ ವಿಚಾರಣೆಯಿಂದ ಹೊರಗಿಡಲೆಂದು 1975ರಲ್ಲಿ ಮಾಡಿದ ತಿದ್ದುಪಡಿಯನ್ನು ಹೊಡೆದುಹಾಕಲು ಅದೇ ತೀರ್ಪು ಆಧಾರವಾಯಿತು.

ಹೀಗೆ ಎದ್ದು ನಿಂತ ನ್ಯಾಯಾಲಯವೇ ಮರುವರ್ಷ ಕುಸಿಯಿತು. ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಸೆರೆಯಾದವರು, ಬೆಂಗಳೂರಿನ ಸೆರೆಮನೆಯಲ್ಲೂ ಅಂಥವರಿದ್ದರು, ತಮ್ಮ ಬಂಧನವನ್ನು ಪ್ರಶ್ನಿಸಬಹುದೆಂದು ಹಲವು ಉಚ್ಚ ನ್ಯಾಯಾಲಯಗಳು ಹೇಳಿದ್ದವು. ಸರಕಾರ ದೆಹಲಿಗೆ ಮೇಲ್ಮನವಿ ಒಯ್ದಿತು. ಪೊಲೀಸನೊಬ್ಬನು ಸ್ವಂತ ಹಗೆತನದಿಂದ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅಟಾರ್ನಿ ಜನರಲ್‌ರನ್ನು ಕೇಳಿದರು. ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲವೆಂಬುದೇ ಉತ್ತರವಾಗಿತ್ತು! 1976ರ ಏಪ್ರಿಲ್ 28ರಂದು ನಾಲ್ವರು ಆ ವಾದವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷದ ಜನವರಿಯಲ್ಲಿ ಅವರಿಗಿಂತ ಕಿರಿಯರು ಮುಖ್ಯ ನ್ಯಾಯಮೂರ್ತಿಗಳಾದರು, ಅವರು ಹುದ್ದೆಯನ್ನು ತೊರೆದರು.

ವಾಚಕರೇ, ಐವರೂ ಓದಿದ್ದು ಒಂದೇ ಸಂವಿಧಾನವನ್ನು. ಸೆರೆಯಲ್ಲಿದ್ದವನಿಗೆ ಖನ್ನಾರ ಭಿನ್ನಮತದಿಂದ ಒಂದು ದಿನದ ಬಿಡುಗಡೆಯೂ ಸಿಗಲಿಲ್ಲವೆಂಬುದು ನಿಜ. ಹಾಗೆಂದು ಅದು ವ್ಯರ್ಥವೆನ್ನಲು ನನ್ನ ಮನಸ್ಸು ಒಪ್ಪದು. ಸೋತ ಮಾತನ್ನೂ ಬರೆದಿಡುವುದು ನ್ಯಾಯಾಲಯದ ಸಂಪ್ರದಾಯ, ಬರೆದಿಟ್ಟದ್ದನ್ನು ಮುಂದಿನವರು ಓದುತ್ತಾರೆ. 1978ರ 44ನೇ ತಿದ್ದುಪಡಿಯು ಜೀವ ಮತ್ತು ವ್ಯಕ್ತಿಸ್ವಾತಂತ್ರ್ಯದ 21ನೇ ಅನುಚ್ಛೇದವನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತ್ತಿನಲ್ಲಿಡದಂತೆ ಮಾಡಿತು. ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, 1976ರ ತೀರ್ಪು ರದ್ದಾಯಿತು. ಆ ನಾಲ್ವರಲ್ಲಿ ಒಬ್ಬರಾಗಿದ್ದ ವೈ. ವಿ. ಚಂದ್ರಚೂಡರ ತೀರ್ಪು ತಪ್ಪೆಂದು ಅಂದು ಬರೆದವರು ಅವರ ಮಗನೇ, ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರು.