ಮರಿಯಮ್ಮನವರೊಡನೆ ಎದ್ದು ನಡೆಯೋಣ
(ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಮಹೋತ್ಸವದ ಪ್ರಬೋಧನೆ – ಲೂಕ 1:39-56)



ಆಗಸ್ಟ್ 15 ನಮಗೆ ಎರಡು ಹಬ್ಬಗಳ ದಿನ. ಒಂದು ಕಡೆ ದೇಶದ ಸ್ವಾತಂತ್ರ್ಯೋತ್ಸವ, ಇನ್ನೊಂದು ಕಡೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವ. ಮರಿಯಮ್ಮನವರು ಇಹಲೋಕದ ಬಾಳು ಮುಗಿದ ಮೇಲೆ ಆತ್ಮಶರೀರ ಸಮೇತರಾಗಿ ಸ್ವರ್ಗದ ಮಹಿಮೆಗೆ ಸ್ವೀಕೃತರಾದರು ಎಂಬುದನ್ನು ಪೋಪ್ ಹನ್ನೆರಡನೇ ಪಿಯುಸರು 1950ರ ನವೆಂಬರ್ 1ರಂದು ವಿಶ್ವಾಸಸತ್ಯವೆಂದು ಸಾರಿದರು. ಆತ್ಮ ಮಾತ್ರವಲ್ಲ, ಶರೀರವೂ ಕೂಡ. ಯೇಸುವನ್ನು ಹೊತ್ತ ಗರ್ಭ, ಎತ್ತಿ ಆಡಿಸಿದ ಕೈಗಳು, ಶಿಲುಬೆಯ ಬುಡದವರೆಗೆ ನಡೆದ ಕಾಲುಗಳು, ಇವೆಲ್ಲವೂ ದೇವರಿಗೆ ಬೇಕಾದವು. ನಮ್ಮ ಶರೀರವೂ ಹಳೆಯದಾದರೆ ಬಿಸಾಡುವ ಬಟ್ಟೆಯಲ್ಲ. ಪುನರುತ್ಥಾನಕ್ಕೆ ಕರೆ ಪಡೆದ ಶರೀರ ಅದು. ಅದು ಪವಿತ್ರಾತ್ಮರ ಆಲಯ, ನಮ್ಮ ಸ್ವಂತ ಸೊತ್ತಲ್ಲ ಎಂದು ಸಂತ ಪೌಲರು ಕೊರಿಂಥದವರಿಗೆ ನೆನಪಿಸುತ್ತಾರೆ (1 ಕೊರಿಂಥ 6:19-20).

ಇಂದಿನ ಶುಭಸಂದೇಶದಲ್ಲಿ ಮರಿಯಮ್ಮನವರು ಏನು ಮಾಡುತ್ತಾರೆ, ಗಮನಿಸಿದಿರಾ? ಎದ್ದು, ಅವಸರದಿಂದ ಮಲೆನಾಡಿನತ್ತ ಹೊರಡುತ್ತಾರೆ. ನಜರೇತಿನಿಂದ, ಎಲಿಜಬೇತಮ್ಮನವರ ಊರೆಂದು ಸಂಪ್ರದಾಯ ಹೇಳುವ ಐನ್ ಕರೆಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಗರ್ಭಿಣಿಯಾದ ಬಂಧುವಿಗೆ ಒತ್ತಾಸೆಯಾಗಿ ಸುಮಾರು ಮೂರು ತಿಂಗಳು ಅಲ್ಲಿಯೇ ಇದ್ದರು. ಪ್ರೀತಿಯು ಮನಸ್ಸಿನಲ್ಲಿ ಹುಟ್ಟಿದರೂ ಅದನ್ನು ಹೊತ್ತು ನಡೆಯಲು ಕಾಲು ಬೇಕು. ಹೀಗಾಗಿ ಇಂದು ನಾವು ಒಂದು ಸಾಧಾರಣ ವಿಷಯವನ್ನು ಚಿಂತಿಸೋಣ: ದಿನವೂ ಸ್ವಲ್ಪ ನಡೆಯುವುದು, ಶರೀರಕ್ಕೆ ವ್ಯಾಯಾಮ ಕೊಡುವುದು, ಮತ್ತು ಅದನ್ನು ನಡುವೆ ಬಿಡದೆ ಉಳಿಸಿಕೊಳ್ಳುವುದು.

ಕಳೆದ ತಿಂಗಳ ಮೊದಲ ಶುಕ್ರವಾರ ನಾವು ಒಂದು ಮನೆಗೆ ಪರಮಪ್ರಸಾದ ಕೊಂಡೊಯ್ದೆವು. ಐವತ್ತು ದಾಟಿದ ಸಹೋದರರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೊಸೂರಿನ ಸಿಪ್‌ಕಾಟ್‌ನಲ್ಲಿ ಶಿಫ್ಟ್ ಕೆಲಸ ಮಾಡಿದವರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಶಿಲುಬೆಯ ಗುರುತು ಹಾಕುವಾಗ ಅವರ ಪತ್ನಿ ಆ ಕೈಯನ್ನು ಹಿಡಿದೆತ್ತಿ ಹಣೆಗೆ ಮುಟ್ಟಿಸಿದರು. ಪ್ರಾರ್ಥನೆ ಮುಗಿದ ಮೇಲೆ ಅವರು ತೊದಲುತ್ತಾ ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ: “ಆಗ ಅರ್ಧ ಗಂಟೆ ಟೈಮ್ ಇಲ್ಲ ಅಂತಿದ್ದೆ ಸ್ವಾಮಿ. ಈಗ ದಿನವೆಲ್ಲಾ ಟೈಮೇ. ನಡೆಯೋಕೆ ಆಗಲ್ಲ.”

ನಡೆದಿದ್ದರೆ ಅವರಿಗೆ ಹೀಗಾಗುತ್ತಿರಲಿಲ್ಲ ಎಂದು ನಾವು ಹೇಳುವುದಿಲ್ಲ. ಕಾಯಿಲೆ ಪಾಪದ ಶಿಕ್ಷೆಯೂ ಅಲ್ಲ. ಹುಟ್ಟುಕುರುಡನ ಬಗ್ಗೆ ಶಿಷ್ಯರು ಕೇಳಿದಾಗ ಯೇಸುಸ್ವಾಮಿಯೇ ಆ ಯೋಚನೆಯನ್ನು ತಳ್ಳಿಹಾಕಿದರು (ಯೊವಾನ್ನ 9:3). ಆದರೆ ಆ ಸಹೋದರರ ಮಾತನ್ನು ಕೇಳಿದ ಮೇಲೂ ‘ಟೈಮ್ ಇಲ್ಲ’ ಎಂದು ಸುಲಭವಾಗಿ ಹೇಳಲು ನಮಗೆ ನಾಲಿಗೆ ಏಳಬಾರದು.

ನಮ್ಮ ಜಿಲ್ಲೆಗೆ ಇದು ಹೊಸ ಮಾತೇನಲ್ಲ. ತಮಿಳುನಾಡು ಸರಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ, ಅಂದರೆ ಜನರನ್ನು ಹುಡುಕಿಕೊಂಡು ಮನೆಬಾಗಿಲಿಗೇ ಬರುವ ವೈದ್ಯಕೀಯ ಸೇವೆ, 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ. ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳು ಮನೆಗೆ ಬರುತ್ತವೆ; ಮಲಗಿದಲ್ಲೇ ಇರುವವರಿಗೆ ಫಿಸಿಯೋಥೆರಪಿಯೂ ದೊರೆಯುತ್ತದೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನ ತಿಳಿಸಿತು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಷ್ಟು ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಲೆಕ್ಕ ಹಾಕಿದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ.

ನಡೆಯುವುದು ನಮಗೆ ಗೊತ್ತಿಲ್ಲವೇ? ಇನ್ನೇನು ಎರಡು ವಾರದಲ್ಲಿ, ಆಗಸ್ಟ್ 29ರಂದು, ವೇಳಾಂಕಣ್ಣಿಯಲ್ಲಿ ಕೊಡಿ ಏರುತ್ತದೆ. ಕಾವಿ ಬಟ್ಟೆ ತೊಟ್ಟು, ‘ಮರಿಯೇ ವಾಳ್ಗ’ ಎನ್ನುತ್ತಾ ಬೆಂಗಳೂರಿನಿಂದಲೂ ನಮ್ಮೂರುಗಳಿಂದಲೂ ಪಾದಯಾತ್ರಿಗಳು ಹೆದ್ದಾರಿಯಲ್ಲಿ ಹೊರಡುತ್ತಾರೆ. ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಕಾಲಲ್ಲಿ ಬೊಬ್ಬೆ ಎದ್ದರೂ ನಿಲ್ಲುವುದಿಲ್ಲ. ಅದೇ ನಾವು, ಸೆಪ್ಟೆಂಬರ್ 8ರ ಹಬ್ಬ ಮುಗಿಸಿ ಬಂದ ಮೇಲೆ, ಮುಂದಿನ ಬೀದಿಯ ಅಂಗಡಿಯಿಂದ ಹಾಲು ತರಲು ಬೈಕ್ ಸ್ಟಾರ್ಟ್ ಮಾಡುತ್ತೇವೆ. ನಮ್ಮಲ್ಲಿ ಶಕ್ತಿಯ ಕೊರತೆಯಿಲ್ಲ, ಭಕ್ತಿಯ ಕೊರತೆಯೂ ಇಲ್ಲ. ದೊಡ್ಡದನ್ನು ಒಮ್ಮೆ ಮಾಡುವುದು ನಮಗೆ ಬರುತ್ತದೆ. ಚಿಕ್ಕದನ್ನು ದಿನವೂ ಮಾಡುವುದೇ ಕಷ್ಟ. ಅತ್ಯಲ್ಪ ವಿಷಯದಲ್ಲಿ ನಂಬಿಗಸ್ತನಾಗಿರುವವನ ಕುರಿತು ಯೇಸುಸ್ವಾಮಿ ಹೇಳಿದ್ದು ಇಂತಹ ಕಡೆಯೇ ನಮ್ಮನ್ನು ತಟ್ಟುತ್ತದೆ (ಲೂಕ 16:10).

ಹಾಗಾದರೆ ಅಭ್ಯಾಸ ಉಳಿಯುವುದು ಹೇಗೆ? ಧರ್ಮಸಭೆ ಇದನ್ನು ನಮಗೆ ಬಹಳ ಹಿಂದೆಯೇ ಕಲಿಸಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ದೇವಾಲಯದ ಗಂಟೆ ಬಾರಿಸಿದಾಗ ನಮ್ಮ ಅಜ್ಜಿಯರು ಹೊಲದಲ್ಲಿದ್ದರೂ ಕುಡುಗೋಲು ಕೆಳಗಿಟ್ಟು ತ್ರಿಕಾಲ ಪ್ರಾರ್ಥನೆ ಹೇಳುತ್ತಿದ್ದರು. ಇಂದು ಮನಸ್ಸಿದೆಯೋ ಇಲ್ಲವೋ ಎಂದು ಅವರು ಕೇಳಿಕೊಳ್ಳಲಿಲ್ಲ. ಗಂಟೆ ಕರೆಯಿತು, ಕೈ ತಾನಾಗಿ ಹಣೆಗೆ ಹೋಯಿತು. ಪ್ರಾರ್ಥನೆಯೂ ಚಿಕ್ಕದು, ಎರಡು ಮೂರು ನಿಮಿಷದ್ದು. ಈಗಾಗಲೇ ನಡೆಯುತ್ತಿರುವ ಒಂದಕ್ಕೆ ಹೊಸದನ್ನು ಕಟ್ಟುವುದು, ಬೇಡ ಎನ್ನಲಾಗದಷ್ಟು ಚಿಕ್ಕದಾಗಿ ಆರಂಭಿಸುವುದು – ಗುಟ್ಟು ಇಷ್ಟೇ.

ಹೊಸೂರಿನಲ್ಲಿ ಬಾಳುವ ನಮಗೆ ಇದು ಮುಖ್ಯ. ಈ ವಾರ ಬೆಳಗಿನ ಶಿಫ್ಟ್, ಮುಂದಿನ ವಾರ ಮಧ್ಯಾಹ್ನದ್ದು, ಆಮೇಲೆ ನೈಟ್ ಶಿಫ್ಟ್. ‘ದಿನವೂ ಬೆಳಿಗ್ಗೆ ಐದೂವರೆಗೆ ಎದ್ದು ನಡೆಯುತ್ತೇನೆ’ ಎಂಬ ಸಂಕಲ್ಪ ಎರಡನೆಯ ವಾರವೇ ಮುರಿದುಬೀಳುತ್ತದೆ. ಗಡಿಯಾರಕ್ಕೆ ಕಟ್ಟಬೇಡಿ, ಶಿಫ್ಟ್ ಯಾವುದಾದರೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿರಿ. ಕಂಪನಿ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದು ಮನೆಗೆ ನಡೆಯಿರಿ. ಊಟವಾದ ಮೇಲೆ ಟಿ.ವಿ. ಹಾಕುವ ಮುನ್ನ ಚಪ್ಪಲಿ ಮೆಟ್ಟಿರಿ. ಜೇಬಿನಲ್ಲಿ ಜಪಸರ ಇರಲಿ. ಮೊದಲ ವಾರ ಒಂದೇ ರಹಸ್ಯ, ಹತ್ತು ‘ನಮೋ ಮರಿಯ’ ಮುಗಿಯುವಷ್ಟು ದೂರ ಸಾಕು. ಆಮೇಲೆ ಎರಡು, ಮೂರು. ಐದು ರಹಸ್ಯಗಳನ್ನು ಹೇಳಲು ಸುಮಾರು ಇಪ್ಪತ್ತು ನಿಮಿಷ. ಪ್ರಾರ್ಥನಾಮಾಲೆಯನ್ನೂ ಸೇರಿಸಿದರೆ ಅರ್ಧ ಗಂಟೆ ಹತ್ತಿರಕ್ಕೆ ಬರುತ್ತದೆ. ಎಷ್ಟು ಬಿರುಸಾಗಿ ನಡೆಯಬೇಕು? ಜಪ ಹೇಳಲು ಉಸಿರು ಸಾಕಾಗಬೇಕು, ಹಾಡಲು ಸಾಲಬಾರದು. ಹೃದಯದ ತೊಂದರೆ, ಹೆಚ್ಚು ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳಿ ಆರಂಭಿಸಿರಿ.

ತಾಯಂದಿರೇ, ನಿಮ್ಮ ಮನಸ್ಸಿನ ಮಾತು ನಮಗೆ ಕೇಳಿಸುತ್ತಿದೆ: ‘ಬೆಳಿಗ್ಗೆ ಐದಕ್ಕೆ ಎದ್ದವಳು ರಾತ್ರಿಯವರೆಗೆ ಕಾಲ ಮೇಲೇ ಇರುತ್ತೇನೆ, ಇನ್ನೆಲ್ಲಿ ವ್ಯಾಯಾಮ?’ ನಿಜ. ತಳಿ, ಡೆಂಕಣಿಕೋಟೆ ಕಡೆ ಹೂವಿನ ತೋಟದಲ್ಲಿ ದಿನವೆಲ್ಲ ಬಗ್ಗಿ ದುಡಿಯುವವರಿಗೆ ಬೇಕಾದದ್ದು ವಿಶ್ರಾಂತಿಯೇ. ಆದರೆ ಅಡುಗೆಮನೆ, ಹೊಲಿಗೆ ಮಿಷನ್, ಆಫೀಸಿನ ಕುರ್ಚಿ ಇಷ್ಟರೊಳಗೇ ದಿನ ಕಳೆಯುವ ತಾಯಿಗೆ ಅರ್ಧ ಗಂಟೆ ಹೊರಗಿನ ಗಾಳಿ ಅವಳ ಹಕ್ಕು. ಅದನ್ನು ಮನೆಯವರು ಕೊಡಬೇಕು. ಎಲಿಜಬೇತಮ್ಮನವರ ಮನೆಯಲ್ಲಿ ಮರಿಯಮ್ಮನವರು ಕೆಲಸ ಹಂಚಿಕೊಂಡಿರದೆ ಇದ್ದಾರೆಯೇ? ಯಜಮಾನರೇ, ಮಕ್ಕಳೇ, ರಾತ್ರಿಯ ಪಾತ್ರೆಗಳನ್ನು ನೀವು ತೊಳೆಯಿರಿ. ಅಮ್ಮ ನಡೆದು ಬರಲಿ.

ಇನ್ನು ಬಿಟ್ಟುಹೋದಾಗ ಏನು ಮಾಡುವುದು? ಬಿಟ್ಟುಹೋಗುವುದಂತೂ ಖಂಡಿತ. ಕಳೆದ ತಪಸ್ಸುಕಾಲದಲ್ಲಿ ನಾವೂ ನಡೆಯಲು ಶುರುಮಾಡಿ, ಒಂದು ವಾರ ಜ್ವರ ಬಂದದ್ದೇ ನೆಪವಾಗಿ, ಪಾಸ್ಕ ಹಬ್ಬದವರೆಗೂ ಮತ್ತೆ ಬೂಟು ಹಾಕಲಿಲ್ಲ. ಒಂದು ದಿನ ತಪ್ಪಿದ್ದರಿಂದ ಕೆಟ್ಟದ್ದಲ್ಲ. ‘ಎಲ್ಲಾ ಕೆಟ್ಟಿತು’ ಎಂದುಕೊಂಡದ್ದರಿಂದ ಕೆಟ್ಟಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ, ಹೊಸ ಅಭ್ಯಾಸ ಬೇರೂರಲು ಸರಾಸರಿ 66 ದಿನ ಬೇಕೆಂದು ಕಂಡುಕೊಂಡರು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ ಎಷ್ಟೋ ತಿಂಗಳು ಬೇಕಿತ್ತು. ನಡುವೆ ಒಂದು ದಿನ ತಪ್ಪಿದರೆ ಹೇಳುವಂತಹ ಹಾನಿಯಿಲ್ಲವೆಂಬುದನ್ನೂ ಅವರು ಕಂಡರು.

ಪ್ರವಾದಿ ಎಲೀಯನನ್ನು ನೆನೆಯಿರಿ. ದಣಿದು, ಸಾಕು ಸಾಕೆಂದು ಗಿಡದ ಕೆಳಗೆ ಮಲಗಿದ. ದೇವದೂತ ತಟ್ಟಿ ಎಬ್ಬಿಸಿ ಊಟ ಕೊಟ್ಟ. ಎಲೀಯ ಉಂಡು ಮತ್ತೆ ಮಲಗಿಬಿಟ್ಟ! ದೇವದೂತ ಬೈಯಲಿಲ್ಲ. ಎರಡನೆಯ ಸಲ ಬಂದು ತಟ್ಟಿದ. ಆಗ ಎದ್ದವನು ನಲವತ್ತು ಹಗಲು, ನಲವತ್ತು ರಾತ್ರಿ ನಡೆದ (1 ಅರಸುಗಳು 19:4-8). ನಮ್ಮ ದೇವರು ಎರಡನೆಯ ಸಲವೂ ತಟ್ಟುವ ದೇವರು. ಪಾಪನಿವೇದನೆಯ ಸಂಸ್ಕಾರ ನಮಗೆ ಕಲಿಸುವುದೂ ಇದನ್ನೇ: ಬಿದ್ದದ್ದನ್ನು ಒಪ್ಪಿಕೋ, ಏಳು, ಇಂದಿನಿಂದ ನಡೆ.

ಒಂದು ಎಚ್ಚರಿಕೆ. ಜೀವ ಮತ್ತು ಆರೋಗ್ಯ ದೇವರು ಒಪ್ಪಿಸಿದ ಅಮೂಲ್ಯ ವರಗಳೆಂದು ಹೇಳುವ ಕಥೋಲಿಕ ಧರ್ಮೋಪದೇಶ ಗ್ರಂಥವೇ, ಮರುಸಂಖ್ಯೆಯಲ್ಲಿ, ಶರೀರವನ್ನು ಪೂಜೆಯ ವಸ್ತುವಾಗಿ ಮಾಡಬಾರದೆಂದೂ ಹೇಳುತ್ತದೆ (2288-2289). ಕನ್ನಡಿಗಾಗಿ ನಡೆಯುವುದು ಬೇಡ. ಮಕ್ಕಳನ್ನು ಎತ್ತಿಕೊಳ್ಳಲು, ವಯಸ್ಸಾದ ತಂದೆತಾಯಿಯರಿಗೆ ಕೈ ಕೊಡಲು, ನೆರೆಮನೆಯ ರೋಗಿಯನ್ನು ನೋಡಿ ಬರಲು ಕಾಲಿಗೆ ಶಕ್ತಿ ಇರಲಿ ಎಂದು ನಡೆಯೋಣ.

ಇಂದಿನಿಂದ ಜಪಸರದ ಮಾಸವಾದ ಅಕ್ಟೋಬರ್ ಕೊನೆಯವರೆಗೆ 78 ದಿನಗಳಿವೆ. ಆ 66 ದಿನಗಳಿಗಿಂತ ಹನ್ನೆರಡು ಹೆಚ್ಚು. ತಪ್ಪಿದ ದಿನಗಳಿಗೂ ಅದರಲ್ಲಿ ಜಾಗವಿದೆ. ಒಬ್ಬರೇ ಬೇಡ, ಇಬ್ಬರಾಗಿ ಆರಂಭಿಸಿ. ಭಾನುವಾರ ತಮಿಳು ಪೂಜೆ ಮುಗಿದು ಕನ್ನಡ ಪೂಜೆ ಆರಂಭವಾಗುವ ನಡುವೆ ನಾವು ಬೈಕುಗಳ ಮೇಲೆ ಕೂತು ಕಾಯುತ್ತೇವಲ್ಲ, ಆ ಹೊತ್ತಿನಲ್ಲಿ ದೇವಾಲಯದ ಸುತ್ತ ಜಪಸರ ಹೇಳುತ್ತಾ ನಡೆಯೋಣ. ತಮಿಳರೂ ತೆಲುಗರೂ ಸೇರಲಿ. ನಾವು ‘ನಮೋ ಮರಿಯ’ ಎಂದರೂ ಅವರು ‘ಅರುಳ್ ನಿರೈಂದ ಮರಿಯೇ’ ಎಂದರೂ ತಾಯಿ ಒಬ್ಬಳೇ.

ಆ ಸಹೋದರರ ಮನೆಗೆ ಈ ತಿಂಗಳು ಮತ್ತೆ ಹೋಗಿದ್ದೆವು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ದೇವಾಲಯದ ಗಂಟೆ ಕೇಳಿದಾಗಲೆಲ್ಲ ಬಲಗೈಯನ್ನು ಹತ್ತು ಸಲ ಎತ್ತಲು ಪ್ರಯತ್ನಿಸುತ್ತಾರಂತೆ. ಕೈ ಈಗ ಎದೆಯವರೆಗೆ ಬರುತ್ತದೆ. ಹಣೆಗೆ ಇನ್ನೂ ತಲುಪಿಲ್ಲ. ಇಂದು ಸಂಜೆ ನಾವು ನಡೆಯುತ್ತಾ ಹೇಳುವ ಮೊದಲ ರಹಸ್ಯ ಅವರಿಗಾಗಿ ಇರಲಿ.

ಸ್ವರ್ಗಸ್ವೀಕೃತ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.